ಸ್ಕೂಲ್ ಯಾವ್ದಮ್ಮಾ?

ನಮ್ಮ ಮನೆಯಲ್ಲಿ ಆನ್‌ಲೈನ್ ಫಾರ್ಮ್ ತುಂಬುವುದು ನನ್ನ ಕೆಲಸ. ತಾತನ ಪಹಣಿಗೆ ಆಧಾರ್ ಜೋಡಿಸೋದರಿಂದ ಹಿಡಿದು ಅಪ್ಪನ ಫಾಸ್ಟ್ಯಾಗ್ ತನಕ ಎಲ್ಲ ನನ್ನ ತಲೆಗೇ. "ಇಂಜಿನಿಯರ್ ಓದ್ತಾವ್ನೆ, ಇಷ್ಟೂ ಗೊತ್ತಾಗಕಿಲ್ವ" ಅನ್ನೋದು ಅಜ್ಜಿಯ ವಾದ. ಹಾಗಾಗಿ ಈ ವರ್ಷ ತಂಗಿಯ ಸಿಇಟಿ ಅರ್ಜಿಯೂ ನನಗೇ ಬಂತು. ತಂಗಿ ಅಂದ್ರೆ ಚಿಕ್ಕಪ್ಪನ ಮಗಳು. ಯಲಿಯೂರಿನಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ.

ಹೆಸರು, ಹುಟ್ಟಿದ ದಿನ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಅಲ್ಲಿವರೆಗೂ ಸಲೀಸು. ಆಮೇಲೆ ಒಂದನೇ ಕ್ಲಾಸಿನಿಂದ ಎಲ್ಲೆಲ್ಲಿ ಓದಿದ್ದು ಅನ್ನುವ ಪ್ರಶ್ನೆ ಬಂತು. ಒಂದರಿಂದ ಆರರ ತನಕ ಬೆಂಗಳೂರಿನ ಶಾಲೆ. ಏಳನೇ ಕ್ಲಾಸಿನ ಮುಂದೆ ಕರ್ಸರ್ ಮಿಣುಕುತ್ತಾ ನಿಂತುಬಿಟ್ಟಿತು.

"ಏನ್ ಹಾಕ್ಲಿ?" ಅಂದೆ.

"ಮನೆ ಅಂತ ಹಾಕಣ್ಣ" ಅಂದಳು.

ಹಾಕೋಕಾಗಲ್ವಲ್ಲ. ಏನು ಮಾಡಬೇಕು ಅಂತ ಕೇಳೋಣ ಅಂದುಕೊಂಡು ಮೂರು ದಿನ ಬಿಟ್ಟು ಒಂದು ಕಚೇರಿಗೆ ಹೋದೆವು. ಕೌಂಟರ್‌ನಲ್ಲಿದ್ದವರು ಕನ್ನಡಕ ಮೇಲೇರಿಸಿ ಅವಳನ್ನ ನೋಡಿದರು. "ಸ್ಕೂಲ್ ಯಾವ್ದಮ್ಮಾ?" "ಸ್ಕೂಲಿಗೆ ಹೋಗ್ಲಿಲ್ಲ ಸರ್, ಮನೇಲೇ ಓದಿದೆ." "ಓ, ಫೇಲಾ?" "ಇಲ್ಲ ಸರ್." "ಮತ್ತೆ, ಉಷಾರಿರ್ಲಿಲ್ವಾ?" ಆ ಮನುಷ್ಯ ಕೆಟ್ಟವರೇನಲ್ಲ. ಚಿಕ್ಕಪ್ಪನಿಗೆ ಕುರ್ಚಿ ಕೊಟ್ಟರು, ಫೈಲ್ ಪೂರ್ತಿ ತಿರುವಿ ನೋಡಿದರು. ಆದರೆ ಅವರ ಲೆಕ್ಕದಲ್ಲಿ ಸ್ಕೂಲಿಗೆ ಹೋಗದ ಮಗು ಒಂದೋ ಫೇಲಾಗಿರಬೇಕು, ಇಲ್ಲಾ ಕಾಯಿಲೆ ಬಿದ್ದಿರಬೇಕು. ಮೂರನೆಯದಕ್ಕೆ ಜಾಗ ಇರಲಿಲ್ಲ. ಆ ಮೂರನೆಯ ಜಾಗದ ಬಗ್ಗೆ ನನಗೆ ಸ್ವಲ್ಪ ಹೇಳೋದಿದೆ. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಕಾಗುಣಿತ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ.)

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಚಿಕ್ಕಪ್ಪ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಎಲ್ಲರನ್ನೂ ಕರೆದುಕೊಂಡು ಊರಿಗೆ ಬಂದರು. ಲ್ಯಾಪ್‌ಟಾಪ್ ಕೆಲಸ, ಎಲ್ಲಿ ಕೂತರೂ ನಡೆಯುತ್ತಿತ್ತು. ಆಮೇಲೆ ವಾಪಸ್ ಹೋಗಲೇ ಇಲ್ಲ. ತಂಗಿಯನ್ನು ಮಂಡ್ಯದ ಯಾವುದಾದರೂ ಶಾಲೆಗೆ ಹಾಕೋದು ಅಂತಿತ್ತು. "ಒಂದು ವರ್ಷ ಮನೇಲೇ ನೋಡಣ" ಅಂತ ಚಿಕ್ಕಪ್ಪ ಅಂದರು. ಒಂದು ವರ್ಷ ಎರಡಾಯ್ತು, ಎರಡು ಐದಾಯ್ತು. ಚಿಕ್ಕಮ್ಮ ಕನ್ನಡ ಮತ್ತು ಸಮಾಜ, ಚಿಕ್ಕಪ್ಪ ಗಣಿತ, ಉಳಿದದ್ದು ಎನ್‌ಸಿಇಆರ್‌ಟಿ ಪುಸ್ತಕ ಮತ್ತು ಯೂಟ್ಯೂಬ್. ಊರಿನವರು ಸುಮ್ಮನಿರುತ್ತಾರಾ? "ಎಣ್ಮಗೀನ ಇಸ್ಕೂಲ್ ಬುಡ್ಸವ್ರೆ, ಗಂಡ್ ನೋಡ್ತಾವ್ರ?" ಅಂತ ನಮ್ಮಜ್ಜಿಯನ್ನೇ ನೇರವಾಗಿ ಕೇಳಿದವರಿದ್ದಾರೆ.

ಹತ್ತನೇ ಕ್ಲಾಸನ್ನು ಅವಳು ಎನ್‌ಐಒಎಸ್‌ನಲ್ಲಿ ಕಟ್ಟಿದಳು. ಈಗ ಹನ್ನೆರಡನೆಯದೂ ಅಲ್ಲೇ. ನಮ್ಮ ಕಡೆ ಎನ್‌ಐಒಎಸ್ ಅಂದರೆ ಎಸ್ಸೆಸ್ಸೆಲ್ಸಿ ಫೇಲಾದವರು ಕಟ್ಟೋ ಬೋರ್ಡ್ ಅನ್ನೋ ನಂಬಿಕೆ ಇದೆ. ನನಗೂ ಇತ್ತು. ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು: 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾಗಿ 2002ರಲ್ಲಿ ಈಗಿನ ಹೆಸರು ಪಡೆದ ಇದು ಕೇಂದ್ರ ಸರ್ಕಾರದ್ದೇ ಬೋರ್ಡ್. 14 ವರ್ಷ ತುಂಬಿದ್ದರೆ ಹತ್ತನೇ ಕ್ಲಾಸಿಗೆ ಸೇರಬಹುದು. ಅಸೈನ್‌ಮೆಂಟ್ ಬರೆಯಬೇಕು, ಸ್ಟಡಿ ಸೆಂಟರ್‌ಗೆ ಹೋಗಿ ಪ್ರಾಕ್ಟಿಕಲ್ ಮಾಡಬೇಕು, ಎಲ್ಲರ ಹಾಗೆ ಹಾಲ್‌ನಲ್ಲಿ ಕೂತು ಥಿಯರಿ ಬರೆಯಬೇಕು. ಜೆಇಇ ಇದನ್ನ ಒಪ್ಪುತ್ತದೆ, ಸಿಇಟಿ ಒಪ್ಪುತ್ತದೆ. ಮೆಡಿಕಲ್‌ನವರು ಮಾತ್ರ ಓಪನ್ ಸ್ಕೂಲ್‌ನಲ್ಲಿ ಓದಿದವರನ್ನು ಬಹಳ ಕಾಲ ಹೊರಗಿಟ್ಟಿದ್ದರು. ಆ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು.

"ನಮ್ಮ ಪಿಯು ಬೋರ್ಡಲ್ಲೇ ಪ್ರೈವೇಟಾಗಿ ಕಟ್ಟಬಹುದಿತ್ತಲ್ಲ" ಅಂತ ನನ್ನ ರೂಮ್‌ಮೇಟ್ ಕೇಳಿದ. ಆರ್ಟ್ಸ್, ಕಾಮರ್ಸ್ ಆದರೆ ಕಟ್ಟಬಹುದು. ಸೈನ್ಸ್‌ಗೆ ಆ ಬಾಗಿಲು ಇಲ್ಲ, ಪ್ರಾಕ್ಟಿಕಲ್ಸ್ ಇದೆಯಲ್ಲ. ಅಂದರೆ ಮನೆಯಲ್ಲಿ ಓದಿ ಇಂಜಿನಿಯರಿಂಗ್‌ಗೆ ಬರಬೇಕು ಅನ್ನುವವರಿಗೆ ನಮ್ಮ ರಾಜ್ಯದ ಬೋರ್ಡ್ ದಾರಿಯೇ ಅಲ್ಲ.

ಇನ್ನು ಕಾಗದದ ವಿಷಯ. ಸಿಇಟಿಯಲ್ಲಿ ಕರ್ನಾಟಕದವರು ಅಂತ ತೋರಿಸಿಕೊಳ್ಳೋಕೆ ನಾವೆಲ್ಲ ಬಳಸಿದ ಮೊದಲ ಕಲಂ ನೆನಪಿದೆಯಾ? ಒಂದನೇ ಕ್ಲಾಸಿನಿಂದ ಎರಡನೇ ಪಿಯು ಒಳಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು. ತಂಗಿಗೆ ಶಾಲೆಯಲ್ಲಿ ಓದಿದ್ದು ಆರು ವರ್ಷ. ಅವಳು ಕರ್ನಾಟಕ ಬಿಟ್ಟು ಹೊರಗೆ ಇದ್ದದ್ದು ಅಂದರೆ ಒಮ್ಮೆ ತಿರುಪತಿಗೆ ಹೋಗಿದ್ದ ಎರಡು ದಿನ. ಆದರೂ ಆರು ಆರೇ. ಹಾಗಾಗಿ ಈಗ ವಾಸಸ್ಥಳದ ದಾಖಲೆ, ರೇಷನ್ ಕಾರ್ಡ್, ಆ ಕಚೇರಿ, ಈ ಕಚೇರಿ ಅಂತ ಬೇರೆ ಕಾಗದಗಳ ಹಿಂದೆ ಓಡುತ್ತಾ ಇದ್ದೀವಿ.

ಇದು ಮನೆಪಾಠದವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ನನ್ನದೇ ಕಥೆ ಕೇಳಿ. ನಾನು ಹುಟ್ಟಿದ್ದು, ಬೆಳೆದದ್ದು, ಕಬ್ಬಿನ ಗದ್ದೆಯಲ್ಲಿ ಕಾಲು ಕುಯ್ದುಕೊಂಡದ್ದು ಎಲ್ಲ ಯಲಿಯೂರಿನಲ್ಲಿ. ರೈಲು ಮಂಡ್ಯ ಬಿಟ್ಟು ಮೈಸೂರಿನ ಕಡೆ ಹೊರಟರೆ ಸಿಗುವ ಚಿಕ್ಕ ಸ್ಟೇಷನ್ ನಮ್ಮದು. ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಬೋರ್ಡ್ ಓದೋಕೂ ಟೈಮ್ ಸಿಗಲ್ಲ. ಆದರೆ ನಾನು ಹತ್ತು ವರ್ಷ ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿ ಮಂಡ್ಯ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದೆ. ಆದ್ದರಿಂದ ನಾನು ಗ್ರಾಮೀಣ ಅಲ್ಲ. ಸಿಇಟಿಯ 15% ಗ್ರಾಮೀಣ ಮೀಸಲಾತಿ ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ. ನನ್ನ ಪಿಯು ಕ್ಲಾಸ್‌ಮೇಟ್ ಒಬ್ಬನ ಮನೆ ಪೇಟೆಯಲ್ಲಿ, ಶಾಲೆ ಊರಾಚೆ. ಅವನು ಗ್ರಾಮೀಣ. ಇದಕ್ಕೆ ನಾನು ಅಳ್ತಾ ಇಲ್ಲ. ವ್ಯಾನ್‌ಗೆ ದುಡ್ಡು ಕೊಡುವ ಅಪ್ಪ ಇದ್ದವನಿಗೆ ಕೋಟಾ ಯಾಕೆ ಅಂದರೆ ನ್ಯಾಯವೇ. ಆದರೆ ಹುಟ್ಟಿದಾಗಿನಿಂದ ಹಳ್ಳಿಯಲ್ಲೇ ಇದ್ದು, ಹಳ್ಳಿ ಮನೆಯ ಜಗುಲಿಯಲ್ಲೇ ಓದಿದ ಮಗು ಕೂಡ ಈ ಲೆಕ್ಕದಲ್ಲಿ ಗ್ರಾಮೀಣ ಆಗಲ್ಲ. ನಮ್ಮ ವ್ಯವಸ್ಥೆಗೆ ನೀನು ಯಾರು, ಎಲ್ಲಿಯವನು, ಏನು ಬಲ್ಲೆ ಎಲ್ಲದಕ್ಕೂ ಒಂದೇ ಸಾಕ್ಷಿ ಬೇಕು: ಹೆಡ್‌ಮಾಸ್ಟರ ಸಹಿ, ಅದರ ಮೇಲೊಂದು ಬಿಇಒ ಸಹಿ.

ಆ ಸಹಿಗೆ ಎಷ್ಟು ಬೆಲೆ ಇದೆ ಅಂತ ಗೊತ್ತಾಗಿದ್ದು 2021ರಲ್ಲಿ. ನಾವೆಲ್ಲ ಆಗ ಹೈಸ್ಕೂಲು, ಮೊಬೈಲ್ ಮುಂದೆ ಯೂನಿಫಾರ್ಮ್ ಶರ್ಟ್, ಕೆಳಗೆ ಚಡ್ಡಿ. ಯೋಚನೆ ಮಾಡಿ, ಆ ವರ್ಷ ಇಡೀ ಕರ್ನಾಟಕವೇ ಮನೆಯಲ್ಲಿ ಓದಿದ್ದು. ಎರಡನೇ ಪಿಯು ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಗೆ 45%, ಮೊದಲ ಪಿಯುಗೆ 45%, ಕಾಲೇಜಿನ ಇಂಟರ್ನಲ್‌ಗೆ 10% ಅಂತ ಲೆಕ್ಕ ಹಾಕಿ ಎಲ್ಲರನ್ನೂ ಪಾಸು ಮಾಡಿದರು. 2,239 ಜನಕ್ಕೆ 600ಕ್ಕೆ 600 ಬಂತು! ಪರೀಕ್ಷೆ ಬರೆಯದೆ! ಆದರೆ ಪ್ರೈವೇಟಾಗಿ ಕಟ್ಟಿದ್ದವರಿಗೆ ಈ ಭಾಗ್ಯ ಇರಲಿಲ್ಲ. ಅವರ ಪರವಾಗಿ "ಇವನು ಓದಿದ್ದಾನೆ" ಅಂತ ಹೇಳೋಕೆ ಕಾಲೇಜು ಇಲ್ಲವಲ್ಲ. ಅವರು ಆಗಸ್ಟ್‌ನಲ್ಲಿ ಮಾಸ್ಕ್ ಹಾಕಿಕೊಂಡು ಹಾಲ್‌ಗೆ ಹೋಗಿ ಬರೆದರು.

ಇದರ ಬಾಲ ಇನ್ನೂ ಮಜವಾಗಿದೆ. ಆ ವರ್ಷ ಸಿಇಟಿ ರ‍್ಯಾಂಕ್‌ಗೆ ಪಿಯು ಮಾರ್ಕ್ಸ್ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮರುವರ್ಷ 2021ರ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಮಾರ್ಕ್ಸನ್ನು ಸೇರಿಸಲ್ಲ ಅಂತ ಪ್ರಾಧಿಕಾರ ಹೇಳಿತು. ಸುಮಾರು 24,000 ಜನ ರ‍್ಯಾಂಕ್ ಪಟ್ಟಿಯಲ್ಲಿ ಕೆಳಗೆ ಬಿದ್ದರು, ವಿಷಯ ಹೈಕೋರ್ಟ್‌ಗೆ ಹೋಯಿತು, ಕೊನೆಗೆ ಆ ಮಾರ್ಕ್ಸಲ್ಲಿ ಒಂದಿಷ್ಟು ಕಳೆದು ಸೇರಿಸುವ ರಾಜಿ ಸೂತ್ರ ಬಂತು. ಅಂದರೆ ಸರ್ಕಾರವೇ ಕೊಟ್ಟ ಮಾರ್ಕ್ಸ್ ಕಾರ್ಡನ್ನು ಸರ್ಕಾರದ್ದೇ ಇನ್ನೊಂದು ಸಂಸ್ಥೆ ನಂಬಲಿಲ್ಲ. ಪರೀಕ್ಷೆ ಇಲ್ಲದೆ ಬಂದ ಮಾರ್ಕ್ಸ್ ನಂಬೋಕಾಗಲ್ಲ ಅನ್ನೋದು ಅವರ ವಾದ. ಒಪ್ಪುತ್ತೀನಿ. ಹಾಗಾದರೆ ಪ್ರತಿ ವರ್ಷ ಬರುವ ಇಂಟರ್ನಲ್ಸ್?

ನಮಗೆಲ್ಲ ಗೊತ್ತಿರುವ ಸತ್ಯ ಹೇಳ್ತೀನಿ, ಯಾರೂ ಬೇಜಾರಾಗಬೇಡಿ. ಈಗ ಪಿಯು ಗಣಿತದಲ್ಲಿ 80 ಥಿಯರಿ, 20 ಇಂಟರ್ನಲ್. ಆ 20ರಲ್ಲಿ 20 ತಗೊಳ್ಳದವರು ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇದ್ದರು? ಸಿಇಟಿ ರ‍್ಯಾಂಕ್‌ನಲ್ಲಿ ಅರ್ಧ ಪಿಯು, ಅರ್ಧ ಸಿಇಟಿ. ಒಂದು ಲೆಕ್ಕ ಹಾಕೋಣ. ಒಬ್ಬನಿಗೆ ಪಿಸಿಎಂನಲ್ಲಿ 95%, ಸಿಇಟಿಯಲ್ಲಿ 180ಕ್ಕೆ 90, ಅಂದರೆ 50%. ಸರಾಸರಿ 72.5. ಇನ್ನೊಬ್ಬಳಿಗೆ ಓಪನ್ ಸ್ಕೂಲ್‌ನಲ್ಲಿ 70%, ಸಿಇಟಿಯಲ್ಲಿ 120, ಅಂದರೆ 66.67%. ಸರಾಸರಿ 68.33. ಇಬ್ಬರೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಬರೆದಾಗ ಅವಳು 30 ಮಾರ್ಕ್ಸ್ ಮುಂದೆ. ಪಟ್ಟಿಯಲ್ಲಿ ಅವಳು ಹಿಂದೆ. ಇದು ಮನೆಪಾಠದವರಿಗೆ ಮಾತ್ರ ಆಗುವ ಅನ್ಯಾಯ ಅಲ್ಲ, ಬಿಗಿಯಾಗಿ ಮಾರ್ಕ್ಸ್ ಕೊಡುವ ಯಾವ ಬೋರ್ಡಿನವರಿಗೂ ಆಗಬಹುದು. ಆದರೆ ಮನೆಯಲ್ಲಿ ಓದಿದವರಿಗೆ ಆ 20ನ್ನು ಪ್ರೀತಿಯಿಂದ ಕೊಡುವ ಲೆಕ್ಚರರ್ ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಚಿಕ್ಕಪ್ಪ ಬರೆಸಿದ ಲೇಖನ ಆಗಿಬಿಡುತ್ತೆ. ಕೌಂಟರ್‌ನಲ್ಲಿದ್ದವರ ಅನುಮಾನ ಸುಮ್ಮನೆ ಬಂದದ್ದಲ್ಲ.

ನಮ್ಮ ಕಡೆ ಆಲೆಮನೆಗಳಿವೆ. ಕಬ್ಬು ಅರೆಯೋಕೆ, ಬೆಲ್ಲ ಕಾಯಿಸೋಕೆ ದೂರದ ಊರುಗಳಿಂದ ಕುಟುಂಬಗಳು ಬರುತ್ತವೆ. ಮಕ್ಕಳು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಆಡಿಕೊಂಡಿರುತ್ತವೆ, ಸ್ವಲ್ಪ ದೊಡ್ಡವಾದರೆ ಸಿಪ್ಪೆ ಒಣಗಿಸೋಕೆ ನಿಲ್ಲುತ್ತವೆ. ಆ ಮಕ್ಕಳೂ "ಸ್ಕೂಲಿಗೆ ಹೋಗದವರೇ". 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗಿನ ಎಲ್ಲ ಮಕ್ಕಳೂ ಶಾಲೆಯಲ್ಲಿರಬೇಕು ಅಂತ ಹೇಳಿದ್ದು ಅಂಥವರಿಗೋಸ್ಕರ. ನಾಳೆ "ಮನೆಯಲ್ಲೇ ಓದಿಸ್ತಾ ಇದ್ದೀವಿ" ಅನ್ನೋ ಒಂದು ಮಾತಿಗೆ ಎಲ್ಲರೂ ತಲೆಯಾಡಿಸಿದರೆ, ಆಲೆಮನೆ ಮಾಲೀಕನೂ ಅದನ್ನೇ ಹೇಳ್ತಾನೆ, ಹದಿನಾಲ್ಕಕ್ಕೆ ಮಗಳ ಮದುವೆ ಮಾಡೋಕೆ ಹೊರಟ ಅಪ್ಪನೂ ಅದನ್ನೇ ಹೇಳ್ತಾನೆ. ನಮ್ಮಜ್ಜಿಯನ್ನು ಗಂಡು ನೋಡ್ತಾವ್ರ ಅಂತ ಕೇಳಿದವರು ಕುಹಕಕ್ಕೆ ಕೇಳಲಿಲ್ಲ, ಕಂಡದ್ದನ್ನು ಕೇಳಿದರು. ನಮ್ಮಜ್ಜಿಯನ್ನೇ ಏಳನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ್ದು.

ಚಿಕ್ಕಪ್ಪನ ಮೇಲೂ ನನ್ನದೊಂದು ತಕರಾರಿದೆ. "ಮಾರ್ಕ್ಸ್ ಎಲ್ಲ ಬೋಗಸ್ ಕಣೋ" ಅನ್ನೋದು ಅವರ ಪಲ್ಲವಿ. ತಂಗಿ ಹತ್ತನೇ ಕ್ಲಾಸಿಗೆ ಬರುವವರೆಗೆ ಒಂದೇ ಒಂದು ಟೈಮ್ಡ್ ಟೆಸ್ಟ್ ಬರೆದಿರಲಿಲ್ಲ. ಮೊದಲ ಸಲ ಮೂರು ಗಂಟೆಯ ಪೇಪರ್ ಕೊಟ್ಟಾಗ ಎರಡನೇ ಪ್ರಶ್ನೆಯಲ್ಲೇ ಒಂದು ಗಂಟೆ ಕೂತಿದ್ದಳು, ಯಾಕೆಂದರೆ ಅದು ಅವಳಿಗೆ ಇಂಟರೆಸ್ಟಿಂಗ್ ಅನ್ನಿಸಿತಂತೆ! ಒಳ್ಳೆ ಕಾಲೇಜಿನ ಡಿಗ್ರಿ ಗೋಡೆಗೆ ನೇತುಹಾಕಿಕೊಂಡವರಿಗೆ ಮಾರ್ಕ್ಸ್ ಬೋಗಸ್ ಅನ್ನೋದು ಸುಲಭ. ಅಪ್ಪ-ಅಮ್ಮ ಇಬ್ಬರೂ ಓದಿದವರು, ಮನೆಯಲ್ಲಿ ವೈಫೈ, ಮೈಸೂರಿನ ಸ್ಟಡಿ ಸೆಂಟರ್‌ಗೆ ಕರೆದುಕೊಂಡು ಹೋಗೋಕೆ ಕಾರು, ಇಷ್ಟೆಲ್ಲ ಇದ್ದದ್ದಕ್ಕೆ ಇದು ಸಾಧ್ಯವಾಯಿತು. ಹಾಗಾಗಿ ಎಲ್ಲರೂ ಮಕ್ಕಳನ್ನು ಶಾಲೆ ಬಿಡಿಸಿ ಅಂತ ನಾನು ಹೇಳ್ತಾ ಇಲ್ಲ. ಪರೀಕ್ಷೆ ಬೇಡ ಅಂತಲೂ ಹೇಳ್ತಾ ಇಲ್ಲ. ಉಲ್ಟಾ, ಅವಳನ್ನು ಇನ್ನೂ ಚೆನ್ನಾಗಿ ಪರೀಕ್ಷೆ ಮಾಡಿ ಅಂತ ಹೇಳ್ತಾ ಇದ್ದೀನಿ. ಸ್ಕೂಲ್ ಯಾವುದು ಅಂತ ಕೇಳಿದರು, ಯಾಕೆ ಬಿಟ್ಟೆ ಅಂತ ಕೇಳಿದರು, ಅಪ್ಪ ಏನು ಕೆಲಸ ಅಂತ ಕೇಳಿದರು. ಏನಮ್ಮಾ ಕಲಿತೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ಅವಳು ಒಂದು ನೋಟ್‌ಬುಕ್ ತೋರಿಸುತ್ತಿದ್ದಳು. 2022ರಿಂದ ಬರೀತಾ ಇರೋ ನೀರಿನ ನೋಟ್‌ಬುಕ್ ಅದು. ವಿಶ್ವೇಶ್ವರಯ್ಯ ನಾಲೆಯಿಂದ ನಮಗೆ ನೀರು ಬರೋದು ಕಟ್ಟು ಪದ್ಧತಿಯಲ್ಲಿ, ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ನಮ್ಮ ಗದ್ದೆ ಪಕ್ಕದ ಸಣ್ಣ ಕಾಲುವೆಯಲ್ಲಿ ಯಾವ ದಿನ ಎಷ್ಟು ನೀರು ಹರೀತು ಅಂತ ಅವಳು ಅಳೆದಿಟ್ಟಿದ್ದಾಳೆ. ಉಪಕರಣ ಅಂದರೆ ಜೋಳದ ಬೆಂಡು, ಟೇಪು, ಮೊಬೈಲಿನ ಸ್ಟಾಪ್‌ವಾಚ್. ಹತ್ತು ಮೀಟರ್ ದೂರಕ್ಕೆ ಎರಡು ಗೂಟ, ಬೆಂಡು ತೇಲಿಬಿಟ್ಟು ಟೈಮ್ ನೋಡೋದು. ಒಂದು ಪುಟದಲ್ಲಿ ಹೀಗಿದೆ: ಅಗಲ 60 ಸೆಂ.ಮೀ., ಆಳ 25 ಸೆಂ.ಮೀ., ಹತ್ತು ಮೀಟರ್‌ಗೆ 20 ಸೆಕೆಂಡ್. ಗುಣಿಸಿದರೆ ಸೆಕೆಂಡಿಗೆ 75 ಲೀಟರ್. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಮೇಲಿನ ನೀರು ಜೋರು, ತಳದ್ದು ನಿಧಾನ. 75 ಜಾಸ್ತಿ ಆಯ್ತು."

ನಾನು ಸಿವಿಲ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಫ್ಲೋಟ್ ಮೆಥಡ್ ಬಂದಾಗ ಮೇಷ್ಟ್ರು ಬೋರ್ಡ್ ಮೇಲೆ 0.85 ಅಂತ ಒಂದು ಕೋಎಫಿಷಿಯಂಟ್ ಬರೆದರು. ನಾನು ಯಾಕೆ ಅಂತ ಕೇಳಲಿಲ್ಲ, ಕಾಪಿ ಮಾಡಿಕೊಂಡೆ. ಆ ವಾರ ಊರಿಗೆ ಹೋದಾಗ ತಂಗಿಗೆ ಹೇಳಿದೆ. ಅವಳು ಪೆನ್ಸಿಲ್ ಗುರುತು ಹಾಕಿದ್ದ ಪುಟಗಳನ್ನೆಲ್ಲ ತೆಗೆದು 0.85ರಿಂದ ಗುಣಿಸುತ್ತಾ ಕೂತಳು. 75 ಹೋಗಿ 64 ಆಯಿತು. ಆಮೇಲೆ "ನಮ್ ಕಾಲುವೆ ತಳದಲ್ಲಿ ಹುಲ್ಲಿದೆ, 0.85 ಸರೀನಾ ಅಣ್ಣ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಕಾವೇರಿ ಗಲಾಟೆಯಾಗಿ, ಮಂಡ್ಯ ಬಂದ್ ಆಗಿದ್ದ ದಿನಗಳ ಪುಟಗಳಲ್ಲಿ ಎಷ್ಟೋ ಕಡೆ ಬರೀ ಸೊನ್ನೆ. ನಮ್ಮ ನೀರುಗಂಟಿ ಆಗಾಗ ಬಂದು "ಓದ್ಸಲ ಯಾವತ್ತು ಬುಟ್ಟಿದ್ರವ್ವ ನೀರ?" ಅಂತ ಕೇಳ್ತಾರೆ. ಅವಳನ್ನು ನಂಬಿದ ಮೊದಲ ಅಧಿಕಾರಿ ಅವರೇ ಅಂತ ನಾವು ತಮಾಷೆ ಮಾಡ್ತೀವಿ.

ಈಗ ನೀವು ಕೇಳಬಹುದು, ಆ ನೋಟ್‌ಬುಕ್ ಅವಳೇ ಬರೆದದ್ದು ಅನ್ನೋಕೆ ಏನು ಗ್ಯಾರಂಟಿ? ಅಪ್ಪ ಬರೆದುಕೊಟ್ಟಿರಬಹುದಲ್ಲ? ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲೇ ಇದೆ. ನಮ್ಮ ಲ್ಯಾಬ್ ರೆಕಾರ್ಡ್‌ಗಳನ್ನು ನೋಡಿ. ಎಷ್ಟು ಚಂದ, ಎಷ್ಟು ನೀಟು, ಅರವತ್ತು ರೆಕಾರ್ಡಿನಲ್ಲೂ ಒಂದೇ ರೀಡಿಂಗ್, ಒಂದೇ ತಪ್ಪು. ಎಕ್ಸ್‌ಟರ್ನಲ್ ಬಂದು "ಈ ಗ್ರಾಫ್ ಯಾಕೆ ಇಲ್ಲಿ ಬಗ್ಗಿದೆ?" ಅಂತ ಒಂದು ಪ್ರಶ್ನೆ ಕೇಳಿದರೆ ಬಣ್ಣ ಬಯಲು. ವೈವಾ ಅಂದರೆ ನಮಗೆ ಚಳಿಜ್ವರ ಬರೋದು ಅದಕ್ಕೇ. ಕಲಿತದ್ದು ಎಷ್ಟು ಅಂತ ತಿಳಿಯೋಕೆ ಅಪರಿಚಿತರೊಬ್ಬರು ಎದುರು ಕೂತು ಅರ್ಧ ಗಂಟೆ ಕೇಳುವುದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಹಾಗೆ ಕೂತು ಕೇಳಿದ್ದರೆ ಕಾಲುವೆಯ ತಳದ ಹುಲ್ಲಿನ ತನಕ ಮಾತು ಹೋಗುತ್ತಿತ್ತು.

ಇದೇನು ಹೊಸ ಕಾಲದ ಹುಚ್ಚು ಅನ್ನುವವರಿಗೆ ಒಂದೆರಡು ಹಳೇ ಉದಾಹರಣೆ. ಕುವೆಂಪು ಅವರ ಮೊದಲ ಪಾಠ ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಮನೆಮೇಷ್ಟ್ರ ಹತ್ತಿರ ಆಗಿದ್ದು. ಶಾಲೆ ಅಂತ ತೀರ್ಥಹಳ್ಳಿಗೆ ಹೋಗಿದ್ದು ಆಮೇಲೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಮೊದಲ ವರ್ಷಗಳಲ್ಲಿ ಮನೆಯಲ್ಲೇ ಕಲಿಸಿದರು. ಶಾಲೆಗೆ ತಡವಾಗಿ ಹೋದ ಉಲ್ಲಾಸ ಕಾರಂತರು ಮುಂದೆ ಸುರತ್ಕಲ್‌ನ ಕೆಆರ್‌ಇಸಿಯಲ್ಲಿ, ಅಂದರೆ ಇವತ್ತಿನ ಎನ್‌ಐಟಿಕೆಯಲ್ಲಿ, ಇಂಜಿನಿಯರಿಂಗ್ ಓದಿದರು. ಆಮೇಲೆ ಅದನ್ನು ಬಿಟ್ಟು ನಾಗರಹೊಳೆಯಲ್ಲಿ ಹುಲಿ ಎಣಿಸೋಕೆ ಹೋದದ್ದು ನಿಮಗೆಲ್ಲ ಗೊತ್ತು.

ಈಚಿನದಕ್ಕೆ ಬಂದರೆ, 2010ರಲ್ಲಿ ದೆಹಲಿಯ ಸಹಲ್ ಕೌಶಿಕ್ 14ನೇ ವಯಸ್ಸಿಗೆ ಐಐಟಿ ಜೆಇಇಯಲ್ಲಿ 33ನೇ ರ‍್ಯಾಂಕ್ ತೆಗೆದ. ಬಹುಪಾಲು ಮನೆಯಲ್ಲೇ ಓದಿದ ಹುಡುಗ. ಆದರೆ ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟ್ ಇತ್ತು, ಐಐಟಿ ಕಾನ್ಪುರ ಸೇರಿದ. ಮುಂಬೈಯ ಮಾಳವಿಕಾ ಜೋಶಿಯನ್ನು ಅವರಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಅವಳಿಗೆ ಪ್ರೋಗ್ರಾಮಿಂಗ್ ಅಂದರೆ ಪ್ರಾಣ. ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ, ಎರಡು ಬೆಳ್ಳಿ, ಒಂದು ಕಂಚು. ಹನ್ನೆರಡರ ಸರ್ಟಿಫಿಕೇಟ್ ಇಲ್ಲದ್ದಕ್ಕೆ ಐಐಟಿ ಬಾಗಿಲು ತೆರೆಯಲಿಲ್ಲ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನವರು ಅವಳನ್ನು ಎಂಎಸ್ಸಿ ಮಟ್ಟದ ಕ್ಲಾಸಿಗೇ ಕೂರಿಸಿಕೊಂಡರು. 2016ರಲ್ಲಿ ಎಂಐಟಿ ಕರೆದು ಸೀಟು ಕೊಟ್ಟಿತು. ನಮ್ಮ ಬಾಗಿಲಲ್ಲಿ ಇವರಿಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ಕಾಗದ.

ಎಂಐಟಿ ಅಂದ ತಕ್ಷಣ ಅಲ್ಲಿ ಪರೀಕ್ಷೆಯೇ ಇಲ್ಲ ಅಂದುಕೊಳ್ಳಬೇಡಿ. ಕೊರೊನಾ ಕಾಲದಲ್ಲಿ ಎಸ್‌ಎಟಿ ಕಡ್ಡಾಯ ಅಲ್ಲ ಅಂತ ಮಾಡಿದ್ದವರು 2022ರ ಮಾರ್ಚ್‌ನಲ್ಲಿ ಅದನ್ನು ವಾಪಸ್ ತಂದರು. ಒಳ್ಳೆ ಶಾಲೆ, ದೊಡ್ಡ ಕೋರ್ಸು ಸಿಗದ ಮಕ್ಕಳಿಗೆ ತಮ್ಮ ಶಕ್ತಿ ತೋರಿಸೋಕೆ ಈ ಟೆಸ್ಟು ಒಂದು ದಾರಿ ಅನ್ನೋದು ಅವರು ಕೊಟ್ಟ ಕಾರಣಗಳಲ್ಲೊಂದು. ಅಂದರೆ ಪರೀಕ್ಷೆ ಮನೆಯಲ್ಲಿ ಓದಿದವರ ಶತ್ರು ಅಲ್ಲ. ನಮ್ಮಲ್ಲೂ ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡಿಗ್ರಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರ ಪಾಠ ಕೊಡ್ತಾರೆ, ಅಸೈನ್‌ಮೆಂಟ್ ಮಾಡಿಸ್ತಾರೆ, ಆಮೇಲೆ ಆ ಪಾಠದ ಮೇಲೇ ಕ್ವಾಲಿಫೈಯರ್ ಇಡ್ತಾರೆ. ಕಲಿಯೋಕೆ ಆಗುತ್ತಾ ಅಂತ ಕಲಿಸಿಯೇ ನೋಡೋದು. ಇಷ್ಟು ಸರಳ ಐಡಿಯಾ ಉಳಿದವರಿಗೆ ಯಾಕೆ ಹೊಳೆಯಲ್ಲವೋ.

ನನ್ನ ಬೇಡಿಕೆ ದೊಡ್ಡದೇನಲ್ಲ. ನಮ್ಮ ಪಿಯು ಬೋರ್ಡು ಸೈನ್ಸ್ ವಿದ್ಯಾರ್ಥಿಗಳಿಗೂ ಪ್ರೈವೇಟಾಗಿ ಕಟ್ಟೋಕೆ ಬಿಡಲಿ. ಪ್ರಾಕ್ಟಿಕಲ್ಸ್‌ಗೆ ಜಿಲ್ಲೆಗೊಂದು ಸರ್ಕಾರಿ ಕಾಲೇಜಿನ ಲ್ಯಾಬನ್ನು ರಜೆಯಲ್ಲಿ ಹದಿನೈದು ದಿನ ತೆರೆದಿಡಲಿ, ಫೀಸು ತಗೊಳ್ಳಲಿ. ಎನ್‌ಐಒಎಸ್ ಸ್ಟಡಿ ಸೆಂಟರ್‌ಗಳು ಇದೇ ಕೆಲಸ ಮಾಡ್ತಾ ಇರುವಾಗ ನಮ್ಮಿಂದ ಯಾಕಾಗಲ್ಲ? ಹಳ್ಳಿಯಲ್ಲಿ ಬೆಳೆದದ್ದಕ್ಕೆ ಶಾಲೆಯ ವಿಳಾಸದ ಬದಲು ಮನೆಯ ವಿಳಾಸವನ್ನೂ ಸಾಕ್ಷಿಯಾಗಿ ನೋಡಲಿ. ಶಾಲೆಯ ಇಂಟರ್ನಲ್ ಇಲ್ಲದವರಿಗೆ ಆ 20 ಮಾರ್ಕ್ಸ್‌ನ ಜಾಗದಲ್ಲಿ ಒಂದು ವೈವಾ ಇಡಲಿ, ಬೇರೆ ಕಾಲೇಜಿನ ಇಬ್ಬರು ಮೇಷ್ಟ್ರು, ಅರ್ಧ ಗಂಟೆ. ಆಲೆಮನೆ ಮಗುವಿನ ವಿಷಯದಲ್ಲೂ ಇದೇ ಒಳ್ಳೆಯದು. ಪ್ರತಿ ವರ್ಷ ಯಾರೋ ಒಬ್ಬರು ಬಂದು ಎದುರು ಕೂರಿಸಿಕೊಂಡು "ಏನಪ್ಪಾ ಓದ್ದೆ?" ಅಂತ ಕೇಳಿದರೆ, ಓದಿಸ್ತಾ ಇದ್ದೀವಿ ಅನ್ನೋ ಸುಳ್ಳು ಹತ್ತು ನಿಮಿಷ ನಿಲ್ಲಲ್ಲ.

ನಮ್ಮ ಕಾಲೇಜಿಗೂ ಒಂದು ಮಾತು. ಆಗಾಗ "ಯಾವ ಕಾಲೇಜಲ್ಲಿ ಪಿಯು?" ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಮನಸ್ಸಿನಲ್ಲೇ ಒಂದು ರ‍್ಯಾಂಕ್ ಕೊಟ್ಟುಬಿಡುತ್ತೀವಿ. ನಾನೂ ಮಾಡಿದ್ದೀನಿ. ಫಸ್ಟ್ ಸೆಮ್‌ನಲ್ಲಿ ನನ್ನ ಬೆಂಚಿನಲ್ಲಿ ಡಿಸ್ಟೆನ್ಸ್‌ನಲ್ಲಿ ಓದಿ ಬಂದವನೊಬ್ಬ ಕೂರುತ್ತಿದ್ದ. ಇಂಟರ್ನಲ್ಸ್‌ಗೆ ಮೊದಲು ನಾನು ಅವನ ನೋಟ್ಸ್ ಕೇಳಲಿಲ್ಲ, ಇಂಟರ್ನಲ್ಸ್ ಆದಮೇಲೆ ಕೇಳಿದೆ.

ಅರ್ಜಿ ಕಥೆ ಇನ್ನೂ ಮುಗಿದಿಲ್ಲ. ತಂಗಿ ಈಗ ದಿನಾ ಸಂಜೆ ಟೈಮರ್ ಇಟ್ಟುಕೊಂಡು ಹಳೇ ಸಿಇಟಿ ಪೇಪರ್ ಬಿಡಿಸ್ತಾಳೆ. ಪ್ರಶ್ನೆ ಎಷ್ಟೇ ಇಂಟರೆಸ್ಟಿಂಗ್ ಇದ್ದರೂ ಎರಡು ನಿಮಿಷಕ್ಕಿಂತ ಜಾಸ್ತಿ ಕೂರಬಾರದು ಅಂತ ನಾನೇ ಕಾವಲು. ಸೋಮವಾರ ಮತ್ತೆ ಆ ಕೌಂಟರ್‌ಗೆ ಹೋಗಬೇಕು. ಆರು ವರ್ಷದ ಶಾಲಾ ಸರ್ಟಿಫಿಕೇಟ್, ಎನ್‌ಐಒಎಸ್ ಹತ್ತನೇ ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್, ತಾತನ ಪಹಣಿ ಎಲ್ಲ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿದೆ. ರಾತ್ರಿ ನೋಡಿದರೆ ಫೈಲ್ ದಪ್ಪ ಆಗಿತ್ತು. ಒಳಗೆ ನೀರಿನ ನೋಟ್‌ಬುಕ್.

"ಇದ್ಯಾಕೆ? ಇದನ್ನ ಯಾರೂ ಕೇಳಲ್ಲ ಕಣೇ" ಅಂದೆ.

"ಕೇಳಿದ್ರೆ?" ಅಂದಳು.